ಬೈಯದ ಮಾಲೀಕ, ಹದಿನಾಲ್ಕು ಬಿಳಿ ಅಂಗಿ

ಇಂಗ್ಲೆಂಡಿಗೆ ಹೋಗಿ ಬಂದೆನೆಂದು ಗೊತ್ತಾದವರೆಲ್ಲ ಮೊದಲು ಕೇಳುವುದು ರಾಣಿಯ ಅರಮನೆಯ ಸುದ್ದಿ. ನಾನು ಅದನ್ನು ನೋಡಲಿಲ್ಲ. ಮೂರು ತಿಂಗಳು ನಾನು ನೋಡಿದ್ದು ಹದಿನಾಲ್ಕು ಬಿಳಿ ಅಂಗಿ, ಇಪ್ಪತ್ತೆಂಟು ಕಾಲುಚೀಲ, ಮತ್ತು ಒಂದು ಸಣ್ಣ ಊರಿನ ಜನ ತಮ್ಮ ಫುಟ್‌ಬಾಲ್ ಕ್ಲಬ್ಬಿನ ಹೊಸ ಮಾಲೀಕನ ಮುಖ ನೋಡುತ್ತ ನಿಂತದ್ದು. ಹಾವೇರಿಯಲ್ಲಿರುವ ನನ್ನ ನಾದಿನಿ, "ವೈನೀ, ಅದನ್ನ ಬರೀರಿ. ಅರಮನಿ ಬಗ್ಗೆ ಬರದಾವ್ರು ಭಾಳ ಮಂದಿ ಅದಾರ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಹೆದರಿಕೆಯ ಮಾತು ಹೆಚ್ಚಾಯಿತು ಅನಿಸಿದರೆ ಓದುವವರು ಕ್ಷಮಿಸಬೇಕು. ಅಲ್ಲಿ ನಾನು ಹೆದರಿದ್ದೇ ಹೆಚ್ಚು.

ಬ್ಯಾಡಗಿ

ನನ್ನ ಅಕ್ಕ ಶಾಂತಕ್ಕ ಮದುವೆಯಾಗಿ ಇಂಗ್ಲೆಂಡಿಗೆ ಹೋಗಿ ಹದಿನೆಂಟು ವರ್ಷವಾಗಿತ್ತು. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತೇನೆ. ಅವರು ಬಟ್ಟೆ ಗಿರಣಿಯ ಕೆಲಸಕ್ಕೆಂದು ಹೋದವರು. ಗಿರಣಿ ಮುಚ್ಚಿದ ಮೇಲೆ ಅದೇ ಊರಿನ ಕ್ಲಬ್ಬಿನಲ್ಲಿ ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಕ್ಕ ಆಟಗಾರರ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಮೈದಾನದ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆಯನ್ನು ಕ್ಲಬ್ಬೇ ಕೊಟ್ಟಿತ್ತು. ಕೆಲಸ ಇರುವವರೆಗೆ ಮನೆ. ಕೆಲಸ ಹೋದರೆ ಮನೆಯೂ ಹೋಯಿತು.

ಆ ವರ್ಷ ಅಕ್ಕನಿಗೆ ಗರ್ಭಚೀಲದ ಆಪರೇಷನ್ ಆಯಿತು. ಎರಡು ತಿಂಗಳು ಒಂದು ಕೊಡ ನೀರನ್ನೂ ಎತ್ತಬಾರದು ಎಂದಿದ್ದರು ಡಾಕ್ಟರು. ಅವಳ ಪತ್ರ ಬಂತು. "ಕ್ಲಬ್ಬು ಮಾರಾಕತ್ತಾರ. ಹೊಸಾ ಮಾಲಕ ಬರೂ ಹೊತ್ತಿನ್ಯಾಗ ನಾ ಮಲಗಿದ್ರ ನನ್ನ ಜಾಗಾಕ್ಕ ಮತ್ತೊಬ್ಬಾಕಿನ್ನ ತರತಾರ. ಆಮ್ಯಾಲೆ ಮನಿನೂ ಇಲ್ಲ. ನೀ ಬಂದು ಎರಡ ತಿಂಗಳ ಕೈಯಾಸರ ಆಗವಾ, ಗಿರಿಜಾ."

ನಮ್ಮ ಮನೆಯವರದು ಮೆಣಸಿನಕಾಯಿ ದಲಾಲಿ ಅಂಗಡಿ. ಪತ್ರ ಓದಿ, "ಇಂಗ್ಲೆಂಡ್ ಅಂದ್ರ ಮೋಟೆಬೆನ್ನೂರ ಅಂತ ತಿಳಕೊಂಡಾಳೇನ ನಿಮ್ಮ ಅಕ್ಕ? ಮುಂಜಾನೆದ್ದು ಬಸ್ ಹತ್ತಿ ಹೋಗಾಕ?" ಎಂದು ಗೊಣಗಿದರು. ಗೊಣಗುತ್ತಲೇ ಪಾಸ್‌ಪೋರ್ಟಿಗೆ ಓಡಾಡಿದರು. ಹೊರಡುವ ಹಿಂದಿನ ದಿನ ಅಂಗಡಿಯಿಂದ ಆಯ್ದು ಆಯ್ದು ನಾಲ್ಕು ಕಿಲೋ ಹೊಸ ಕಾಯಿ ತಂದರು. ಕೆಂಪಗೆ ಮಿನುಗುವ, ನೆರಿಗೆ ನೆರಿಗೆಯ ಕಾಯಿ.

ಒಣಗಿದ ಕಾಯಿಯನ್ನು ಹಾಗೆಯೇ ಒತ್ತಿ ತುಂಬಿದರೆ ಮುರಿದು ಬೀಜ ಉದುರುತ್ತದೆ. ಅದಕ್ಕೆ ನಮ್ಮಲ್ಲಿ ತುಸು ನೀರು ಚಿಮುಕಿಸಿ, ಮೆದುವಾದ ಮೇಲೆ ಚೀಲಕ್ಕೆ ತುಂಬುತ್ತಾರೆ. ಊರು ಮುಟ್ಟಿದ ಮೇಲೆ ಬಿಚ್ಚಿ ಮತ್ತೆ ಬಿಸಿಲಿಗೆ ಹರವಿದರೆ ಆಯಿತು. ನಾನೂ ಹಾಗೆಯೇ ಮಾಡಿದೆ. ಮುಟ್ಟುವ ಊರಿನಲ್ಲಿ ಬಿಸಿಲು ಇರುತ್ತದೋ ಇಲ್ಲವೋ ಎಂದು ಯೋಚನೆ ಮಾಡಲಿಲ್ಲ. ನಾಲ್ಕು ದಿಕ್ಕಿಗೂ ಬಿಸಿಲು ಇರುವ ಊರಿನವಳು ನಾನು.

ವಿಮಾನದಲ್ಲಿ

ಬೊಂಬಾಯಿಯಲ್ಲಿ ವಿಮಾನ ನೆಲ ಬಿಟ್ಟಾಗ ನನ್ನ ಜೀವವೂ ನನ್ನನ್ನು ಬಿಟ್ಟಿತು ಅನಿಸಿತು. ಕುತ್ತಿಗೆಯ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಕರಡಿಗೆಯಲ್ಲಿ ಲಿಂಗ ಇತ್ತು. ಅದೊಂದೇ ಧೈರ್ಯ.

ಬೆಳಗಾಯಿತೆಂದು ಎಲ್ಲರಿಗೂ ತಿಂಡಿ ಕೊಟ್ಟರು. ಪೂಜೆಯಾಗದೆ ನಾನು ನೀರೂ ಮುಟ್ಟುವುದಿಲ್ಲ. ಪಕ್ಕದಲ್ಲಿ ಒಬ್ಬ ದಪ್ಪನೆಯ ಇಂಗ್ಲಿಷ್ ಮುದುಕ. ನಾನು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಇಡಲು ಜಾಗವಿಲ್ಲದೆ ಅತ್ತಿತ್ತ ನೋಡಿದೆ. ಅವನು ಏನೂ ಕೇಳದೆ ತನ್ನ ತಟ್ಟೆಯನ್ನು ತೊಡೆಯ ಮೇಲೆ ಇಳಿಸಿಕೊಂಡು ತನ್ನ ಮುಂದಿನ ಮಡಚು ಹಲಗೆಯನ್ನು ನನಗೆ ಬಿಟ್ಟುಕೊಟ್ಟ. ಪೂಜೆ ಮುಗಿಯುವವರೆಗೂ ಅವನೂ ತುತ್ತು ಎತ್ತಲಿಲ್ಲ. ಶಿವನ ದಯೆ ಎಲ್ಲೆಲ್ಲಿ ಯಾರ ಕೈಯಿಂದ ಬರುತ್ತದೆಂದು ಹೇಳಲಾಗದು. ಪೂಜೆಯ ಕೊನೆಗೆ ಆ ದಿನದ ದಯೆಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ರೂಢಿ, ಅವತ್ತು ಮೊದಲ ಬೆರಳು ಆ ಮುದುಕನದು.

ಇಳಿದ ಮೇಲೆ ಸುಂಕದವನು ನನ್ನ ಪೆಟ್ಟಿಗೆ ತೆರೆಸಿದ. ಕಾಯಿಯ ಚೀಲಕ್ಕೆ ಮೂಗು ಹಾಕಿ ಮೂರು ಸಲ ಸೀನಿದ. ಜೈಲಿಗೆ ಹಾಕುತ್ತಾನೆಂದು ನಾನು ಮತ್ತೆ ಕರಡಿಗೆ ಹಿಡಿದುಕೊಂಡೆ. ಅವನು ಕಣ್ಣೊರೆಸಿಕೊಂಡು ಕೈಬೀಸಿ ಹೋಗು ಎಂದ.

ಅಕ್ಕನ ಮನೆ

ಊರಿನ ಹೆಸರು ಬರೆದರೆ ಅಕ್ಕನಿಗೆ ಮುಜುಗರ, ಅದಕ್ಕೇ ಬಿಡುತ್ತೇನೆ. ನಿಂತುಹೋದ ಗಿರಣಿಗಳ, ಹೊಗೆಗೆ ಕಪ್ಪಾದ ಕಲ್ಲಿನ ಊರು. ಬಸ್ಸಿನಲ್ಲಿ ತೊಡೆಗೆ ತೊಡೆ ತಾಗಿಸಿ ಕುಳಿತರೂ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ನಮ್ಮ ರಾಣೆಬೆನ್ನೂರ ಬಸ್ಸಿನಲ್ಲಾದರೆ ಹಲಗೇರಿ ಬರುವುದರೊಳಗೆ ಮಕ್ಕಳೆಷ್ಟು, ಯಾರ ಮನೆತನ ಎಲ್ಲ ಕೇಳಿ ಮುಗಿಸಿರುತ್ತಾರೆ.

ಅದೇ ಜನ ಶನಿವಾರ ಮಧ್ಯಾಹ್ನ ಬೇರೆಯೇ. ಕೆಂಪು ಶಾಲು ಸುತ್ತಿಕೊಂಡು ಗುಂಪುಗುಂಪಾಗಿ ಬರುತ್ತಾರೆ, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಹಾಡುತ್ತಾರೆ, ಅಳುತ್ತಾರೆ. ಮೊದಲ ಶನಿವಾರ ಆ ಕೂಗಿಗೆ ಅಕ್ಕನ ಅಡುಗೆಮನೆಯ ತಟ್ಟೆಗಳು ನಡುಗಿದವು. ನಾನು ಮಂಚದ ಮೂಲೆಗೆ ಸರಿದು ಕುಳಿತೆ.

"ಏನಾತಬೇ ಅಕ್ಕಾ, ಹೊಡದಾಟೇನ?"

"ಗೋಲ್ ಆಗೈತಿ. ಕುಂದ್ರ ಸುಮ್ನ."

ಹಳೆಯ ಮಾಲೀಕ ಆ ಊರಿನವನೇ. ಮುದುಕ, ಸಿಡುಕ. ಒಂದು ಕಾಲುಚೀಲ ಕಡಿಮೆ ಬಂದರೆ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತು ಒಂದು ತಾಸು ಬೈಯುತ್ತಿದ್ದನಂತೆ. ಅವನಿಗೆ ಕಾಯಿಲೆ ಹೆಚ್ಚಾಗಿ ಕ್ಲಬ್ಬು ಮಾರಿದ. ಕೊಂಡವನು ದೂರದ ಊರಿನ ದೊಡ್ಡ ಶ್ರೀಮಂತ. ಬಂದ ವಾರವೇ ದೊಡ್ಡ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ, ಬಂದವರಿಗೆಲ್ಲ ಪುಕ್ಕಟೆ ಶಾಲು ಹಂಚಿಸಿದ. ಜನರಿಗೆ ಹಬ್ಬ. ಪಕ್ಕದ ಓಣಿಯ ಮಾರ್ಗರೆಟ್ ಅಜ್ಜಿ ಚಹಾಕ್ಕೆ ಬಂದಾಗಲೆಲ್ಲ ಅದೇ ಮಾತು. ಹೊಸ ಆಟಗಾರರು ಬರುತ್ತಾರೆ, ಜನ ಮಳೆಯಲ್ಲಿ ನೆನೆಯುತ್ತ ನಿಲ್ಲುವ ಕಡೆ ಛಾವಣಿ ಹಾಕಿಸುತ್ತಾನೆ, ಹೆಣ್ಣುಮಕ್ಕಳಿಗೆ ಪಾಯಖಾನೆ ಕಟ್ಟಿಸುತ್ತಾನೆ.

ಅಕ್ಕನಿಗೆ ಮಾತ್ರ ಒಂದೇ ಚಿಂತೆ. ಒಗೆಯುವವಳು ತಾನಲ್ಲ, ಊರಿನಿಂದ ಬಂದ ತಂಗಿ ಎಂದು ಗೊತ್ತಾಗಬಾರದು. "ಹೊಸಾ ಮಂದಿ, ಹೊಸಾ ಕಣ್ಣು" ಎನ್ನುತ್ತಿದ್ದಳು. ಅವಳು ಕುರ್ಚಿಯಲ್ಲಿ ಕುಳಿತು ತೋರಿಸುವುದು, ನಾನು ಮಾಡುವುದು. ಕೆಸರು ಹಿಂಡಿ, ಯಂತ್ರಕ್ಕೆ ಹಾಕಿ, ಬಿಸಿ ಕೊಳವೆಗಳ ಕೋಣೆಯಲ್ಲಿ ಒಣಹಾಕಿ, ನಂಬರಿನ ಪ್ರಕಾರ ಮಡಚಿ ಇಡುವುದು. ಎಂದೂ ಚೆಂಡು ಮುಟ್ಟದ ನಾನು ಒಂಬತ್ತನೆಯ ನಂಬರಿನವನು ಎಷ್ಟು ಸಲ ಬಿದ್ದ ಎಂದು ಮೊಣಕೈ ನೋಡಿ ಹೇಳುವಷ್ಟಾದೆ.

ಬುಧವಾರ

ಊರಿನಿಂದ ತಂದ ಕಾಯಿಯ ಚೀಲ ಮೂಲೆಯಲ್ಲಿತ್ತು. ಬಂದಾಗಿನಿಂದ ಒಂದು ದಿನವೂ ಸರಿಯಾದ ಬಿಸಿಲಿಲ್ಲ. ಒಲೆಯ ಪಕ್ಕ ಇಟ್ಟೆ, ಕಿಟಕಿಯಲ್ಲಿ ಇಟ್ಟೆ, ಆರಲಿಲ್ಲ. ಆ ಬುಧವಾರ ಚೀಲ ಬಿಚ್ಚಿದರೆ ಮುಗ್ಗು ವಾಸನೆ. ಇನ್ನು ಎರಡು ದಿನ ಬಿಟ್ಟರೆ ಬೂಸು ಹಿಡಿಯುತ್ತಿತ್ತು. ನಮ್ಮ ಮನೆಯವರು ಆಯ್ದು ಕೊಟ್ಟ ಕಾಯಿ! ನನ್ನ ಕಣ್ಣೆದುರಿಗೆ ಹಾಳಾಗಲು ಬಿಡುವುದೇ?

ಒಣಹಾಕುವ ಕೋಣೆಯಲ್ಲಿ ಮೇಲುಗಡೆ ಕಟ್ಟಿಗೆಯ ಪಟ್ಟಿಗಳ ಅಟ್ಟ ಇತ್ತು. ಅಲ್ಲಿ ಬ್ಯಾಡಗಿಯ ವೈಶಾಖದಷ್ಟು ಕಾವು. ಹಳೆಯ ಬಟ್ಟೆ ಹಾಸಿ ನಾಲ್ಕು ಕಿಲೋವನ್ನೂ ಹರವಿದೆ. ದಿನಕ್ಕೆ ಎರಡು ಸಲ ಕೈಯಾಡಿಸಿದೆ. ಗಲಗಲ ಸದ್ದು ಬರುವಂತೆ ಒಣಗಿದವು. ಶಿವನೇ, ಉಳಿಸಿದೆ ಎಂದು ಕೈಮುಗಿದೆ.

ಹಾಸಿದ ಬಟ್ಟೆ ಜೀರ್ಣವಾಗಿತ್ತು. ಕೈಯಾಡಿಸಿದಾಗಲೆಲ್ಲ ಅದರ ತೂತುಗಳಿಂದ ಬೀಜ, ಕೆಂಪು ಹುಡಿ ಕೆಳಗೆ ಉದುರಿತ್ತು. ಕೆಳಗೆ ಶನಿವಾರದ ಆಟಕ್ಕೆಂದು ಹದಿನಾಲ್ಕು ಬಿಳಿ ಅಂಗಿ ಹಸಿಯಾಗಿ ತೂಗಾಡುತ್ತಿದ್ದವು. ಆ ಕೋಣೆಯ ದೀಪ ಮಂದ, ಹಳದಿ. ನನಗೆ ಕಾಣಿಸಲಿಲ್ಲ. ಮಡಚಿ ಕೊಟ್ಟುಬಿಟ್ಟೆ.

ಶನಿವಾರ

ಹೊಸ ಮಾಲೀಕ ಕುಳಿತು ನೋಡುವ ಮೊದಲ ಆಟ. ಮಾರ್ಗರೆಟ್ ಅಜ್ಜಿ ನಮ್ಮಿಬ್ಬರನ್ನೂ ತನ್ನ ಪಕ್ಕ ಕೂರಿಸಿಕೊಂಡಳು. ನಾನು ಕುಳಿತದ್ದು ಅವಳ ತೀರಿಹೋದ ಗಂಡನ ಜಾಗ. ಆರು ವರ್ಷದಿಂದ ಆ ಜಾಗಕ್ಕೆ ಯಾರನ್ನೂ ಕೂರಿಸಿರಲಿಲ್ಲವಂತೆ.

"ಆಕಿ ಗಂಡನ ಬೂದಿ ಅಲ್ಲಿ ಐತಿ ನೋಡು" ಎಂದು ಅಕ್ಕ ಗೋಲಿನ ಹಿಂದಿನ ಹುಲ್ಲು ತೋರಿಸಿದಳು. "ಇಲ್ಲಿ ಮಂದಿ ಹಂಗ ಬೇಡಿಕೋತಾರ. ಸತ್ತ ಮ್ಯಾಲೂ ಆಟ ನೋಡಬೇಕಂತ. ನಿಮ್ಮ ಮಾಮಾನೇ ತಗ್ಗ ತಗದು ಆ ಬೂದಿ ಮುಚ್ಚ್ಯಾರ."

ನಮ್ಮ ಮಠದ ಸ್ವಾಮಿಗಳ ಗದ್ದಿಗೆ ಇದ್ದ ಹಾಗೆ ಎಂದುಕೊಂಡು ನಾನು ಆ ಕಡೆಗೆ ಕೈಮುಗಿದೆ. ಅಜ್ಜಿ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು.

ಆಟ ಶುರುವಾದ ಹತ್ತು ನಿಮಿಷಕ್ಕೆ ಮಳೆ ಬಂತು. ಮಳೆ ಬಿದ್ದಂತೆ ನಮ್ಮವರ ಬಿಳಿ ಅಂಗಿಗಳ ಮೇಲೆ ಕೆಂಪು ಗೆರೆ ಇಳಿಯತೊಡಗಿತು. ಮೊದಲು ಹೆಗಲ ಮೇಲೆ, ಆಮೇಲೆ ಬೆನ್ನಿನುದ್ದಕ್ಕೆ. ಜನ ರಕ್ತ ಎಂದುಕೊಂಡು ಎದ್ದು ನಿಂತರು. ಆಟಗಾರರು ಕುತ್ತಿಗೆ ಕೆರೆದುಕೊಳ್ಳುತ್ತ ಓಡುತ್ತಿದ್ದರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆದರೆ ಕಣ್ಣಿಗೆ ಬಿದ್ದರೆ ಯಾವ ಕಾಯಿಯಾದರೇನು? ಗೋಲು ಕಾಯುವವನ ಅಂಗಿ ಬೇರೆ ಬಣ್ಣದ್ದು, ಆದರೆ ಒಣಗಿದ್ದು ಅದೇ ಕೋಣೆಯಲ್ಲಿ. ಅವನು ತೋಳಿನಿಂದ ಮುಖ ಒರೆಸಿಕೊಂಡ. ಮರುಗಳಿಗೆ ಎರಡೂ ಕಣ್ಣು ಮುಚ್ಚಿ ಕುಣಿಯತೊಡಗಿದ. ಚೆಂಡು ಅವನ ಪಕ್ಕದಿಂದ ನಿಧಾನವಾಗಿ, ಕರು ಕೊಟ್ಟಿಗೆಗೆ ಹೋದ ಹಾಗೆ, ಒಳಗೆ ಹೋಯಿತು.

ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಿದಳು. ಕೇಳುವುದೇ ಬೇಕಾಗಲಿಲ್ಲ.

"ಎಲ್ಲಿ ಒಣಗಿಸಿದಿ ಕಾಯಿನ್ನ?"

ನಾನು ಹೇಳಿದೆ.

"ನನ್ನ ಮನಿ ಹೋತಲ್ಲೇ" ಎಂದಳು ಅಷ್ಟೇ. ಹೊಟ್ಟೆಯ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ಕುಳಿತಳು.

ಸೋಮವಾರ

ಭಾನುವಾರ ಆ ಅಂಗಿಗಳನ್ನು ಮೂರು ಸಲ ಒಗೆದೆ, ಕೆಂಪು ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿಗೆ ಬರಲು ಹೇಳಿಕಳಿಸಿದರು. ಕೆಟ್ಟ ಅಂಗಿಗಳ ಗಂಟು ಅಕ್ಕ ಎತ್ತುವಂತಿರಲಿಲ್ಲ, ನಾನೇ ಹೊತ್ತುಕೊಂಡು ಹಿಂದೆ ನಿಂತೆ.

ಹೊಸ ಮಾಲೀಕ ಎತ್ತರದ ಮನುಷ್ಯ. ಉದ್ದನೆಯ ಕೋಟು. ಮಳೆಗಾಲದಂಥ ಆ ಊರಿನಲ್ಲಿ ಅವನ ಬೂಟಿಗೆ ಒಂದು ಚಿಕ್ಕೆ ಕೆಸರಿರಲಿಲ್ಲ. ಮಾಮಾ ಟೋಪಿ ತೆಗೆದು ಎಲ್ಲವನ್ನೂ ಹೇಳಿದರು. ಹೆಂಡತಿಯ ಆಪರೇಷನ್, ಅವಳ ಬದಲು ಒಗೆದ ನಾದಿನಿ ನಾನು, ಮೆಣಸಿನಕಾಯಿ, ಒಂದನ್ನೂ ಮುಚ್ಚಿಡಲಿಲ್ಲ. ನಾನು ಗಂಟು ಬಿಚ್ಚಿ ಅಂಗಿ ಎತ್ತಿ ತೋರಿಸಿದೆ.

ಅವನು ನೋಡಲಿಲ್ಲ. ನಕ್ಕ. ಪರವಾಗಿಲ್ಲ ಎಂಬಂತೆ ಕೈಯಾಡಿಸಿದ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಗೋಡೆಯಾಚೆಯ ರಸ್ತೆ ತೋರಿಸಿ ಮಾಮಾನಿಗೆ ಏನೋ ಒಂದು ಕೇಳಿದ. ಮಾಮಾ ಹೇಳಿದರು. ಮುಗಿಯಿತು. ನಾವು ಹೊರಗೆ ಬಂದೆವು.

ಅಕ್ಕ ಗೋಡೆಗೆ ಒರಗಿ ಅತ್ತುಬಿಟ್ಟಳು, ಹಗುರಾಗಿ. ಮಾಮಾ ನಗುತ್ತಿದ್ದರು. "ದೇವರಂಥಾ ಮನಷ್ಯಾ. ಹಳೇ ಮುದುಕ ಇದ್ದಿದ್ರ ಮೂರೂ ಮಂದೀನ್ನ ಅಲ್ಲೇ ಹೂಳತಿದ್ದ!"

"ರಸ್ತಾದ ಕಡೆ ತೋರಿಸಿ ಏನ್ ಕೇಳಿದ್ರಿ ಮಾಮಾ ಅವ್ರು?"

"ಅಗಲ ಎಷ್ಟೈತಿ, ದೊಡ್ಡ ಲಾರಿ ಹೊಳ್ಳತಾವೇನು ಅಂತ. ಹೊರಗಿನಿಂದ ಮಂದಿ ಬರೂ ಬಸ್ಸಿಗೆ ಇರಬೇಕು."

ಆಗ ನನಗೆ ಅಪ್ಪನ ನೆನಪು ಬಂತು.

ನಮ್ಮ ಅಪ್ಪ ರಾಣೆಬೆನ್ನೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಮಿಸ್ತ್ರಿಯಾಗಿದ್ದ. ಹಳೆಯ ಸಾಹುಕಾರ ಒಂದು ಹಿಡಿ ಹತ್ತಿ ನೆಲಕ್ಕೆ ಬಿದ್ದರೆ ಕೂಗಾಡುವವನು. ಅವನು ಮಾರಿದ. ಹೊಸಬ ಬಂದ, ಬಾಗಿಲಿಗೆ ಬಣ್ಣ ಹೊಡೆಸಿದ, ಕೆಲಸದವರಿಗೆಲ್ಲ ಪೇಢೆ ಹಂಚಿದ. ಅದೇ ತಿಂಗಳು ಅಕಾಲದ ಮಳೆಗೆ ಹತ್ತಿಯ ರಾಶಿ ನೆನೆಯಿತು. ಅಪ್ಪ ಹೆದರಿ ಹೇಳಲು ಹೋದರೆ ಅವನು ನಕ್ಕು, ಇರಲಿ ಬಿಡು ಎಂದ. ಆಮೇಲೆ ಕೇಳಿದ್ದು ಒಂದೇ: ಹಿಂದಿನ ದಾರಿ ಎಷ್ಟು ಅಗಲ? ಆರು ತಿಂಗಳಿಗೆ ಯಂತ್ರ ಬಿಚ್ಚಿ ಲಾರಿಗೆ ಹೇರಿದರು. ಜಾಗ ಪ್ಲಾಟುಗಳಾಯಿತು. ಅಪ್ಪನಿಗೆ ಮತ್ತೆ ಮಿಸ್ತ್ರಿ ಎನ್ನುವವರು ಸಿಗಲಿಲ್ಲ.

ಮನೆಯೊಳಗೆ ಬಂದು ಬಾಗಿಲು ಹಾಕಿ ಅಕ್ಕನಿಗೆ ಇದನ್ನು ನೆನಪು ಮಾಡಿದೆ. ಅವಳು ಕಿವಿ ಮುಚ್ಚಿಕೊಂಡಳು.

"ಬಾಯಿ ಮುಚ್ಚು ಗಿರಿಜಾ. ಒಂದ ಒಳ್ಳೇ ಮಾತ ಆಡಿದ ಮನಷ್ಯಾಗ ಅಪವಾದ ಹಚ್ಚಬ್ಯಾಡ."

"ತನ್ನ ವಸ್ತಾ ಕೆಟ್ರ ಯಾರಿಗೆ ಸಿಟ್ಟ ಬರೂದಿಲ್ಲಬೇ ಅಕ್ಕಾ? ಕ್ಲಬ್ಬ ಇಟಗೊಳ್ಳಾವಂಗ ಬರತೈತಿ. ಇವಂಗ ಬರಲಿಲ್ಲ."

ಮಾಮಾ ಬೂಟು ಬಿಚ್ಚುತ್ತ ಕುಳಿತವರು ಅರ್ಧಕ್ಕೇ ನಿಲ್ಲಿಸಿದರು. ಅವರ ಮುಖದ ನಗು ಹೋಗಿತ್ತು.

ಗುರುವಾರ

ಚರ್ಚಿನ ಪಕ್ಕದ ದೊಡ್ಡ ಕೋಣೆಯಲ್ಲಿ ಹೊಸ ಮಾಲೀಕ ಅಭಿಮಾನಿಗಳನ್ನು ಕರೆದಿದ್ದ. ಸಂಜೆಯಾದರೂ ಹೊರಗೆ ಬೆಳಕಿತ್ತು. ಮುನ್ನೂರು ಜನ ಇದ್ದರೇನೋ. ಆ ಊರಿನವರು ಸಾಲು ತಪ್ಪುವುದಿಲ್ಲ. ಕೇಳುವವರೂ ಸಾಲಾಗಿ ನಿಂತು ಕೇಳಿದರು. ಒಬ್ಬ ಛಾವಣಿ ಕೇಳಿದ, ಒಬ್ಬ ಹೊಸ ಆಟಗಾರ ಕೇಳಿದ, ಮಾರ್ಗರೆಟ್ ಅಜ್ಜಿ ಪಾಯಖಾನೆ ಕೇಳಿದಳು. ಎಲ್ಲದಕ್ಕೂ ಹೂಂ, ಹೂಂ. ಪ್ರತಿ ಹೂಂಗೂ ಚಪ್ಪಾಳೆ.

ಸಾಲಿನ ಕೊನೆಯಲ್ಲಿ ಮಾಮಾ ನಿಂತದ್ದನ್ನು ಅಕ್ಕ ಆಗ ನೋಡಿದಳು. "ಅಯ್ಯ ಶಿವನ, ಇವ್ರು ಯಾಕ ನಿಂತಾರ? ಕೆಲಸದಾವ್ರು ಕೇಳಬಾರದು" ಎಂದು ನನ್ನ ತೋಳು ಹಿಡಿದುಕೊಂಡಳು. ಮಾಮಾ ಮಾತಾಡತೊಡಗಿದರು. ಅಕ್ಕ ಉಸಿರು ಬಿಗಿಹಿಡಿದು ನನ್ನ ಕಿವಿಯಲ್ಲಿ ಹೇಳುತ್ತ ಹೋದಳು.

"ಶನಿವಾರ ಅಂಗಿ ಕೆಡಿಸಿದಾವ್ರು ನಮ್ಮ ಮನಿ ಮಂದೀನ ಅಂತ ಹೇಳಾಕತ್ತಾರ..."

ಜನ ನಕ್ಕರು. ಗೋಲು ಕಾಯುವವನೂ ಅಲ್ಲಿದ್ದ, ಕಣ್ಣು ಉಜ್ಜಿಕೊಂಡು ತೋರಿಸಿದ. ಮತ್ತೆ ನಗು.

"ನೀವು ನನಗ ಬೈಲಿಲ್ಲ ಅಂದ್ರು... ಹಳೇ ಮಾಲಕ ಆಗಿದ್ರ ಒಂದ ತಾಸು ಬೈತಿದ್ದ, ಯಾಕಂದ್ರ ಆ ಅಂಗಿ ಮುಂದಿನ ವರ್ಷನೂ ಬೇಕಾಗಿತ್ತು ಅವಂಗ... ನೀವು ಅಂಗಿ ನೋಡಲಿಲ್ಲ, ರಸ್ತಾ ಕೇಳಿದ್ರಿ... ಯಾಕ ಕೇಳಿದ್ರಿ ಅಂದ್ರು."

ನಗು ನಿಂತಿತು. ಮಾಲೀಕ ಗಡಿಯಾರ ನೋಡಿಕೊಂಡ. ಏನೋ ಎರಡು ಮಾತು ಹೇಳಿದ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಏನಂದಬೇ?"

"ಅದನ್ನೆಲ್ಲಾ ಆಮ್ಯಾಲೆ ನೋಡೂಣು ಅಂದ."

ಮಾರ್ಗರೆಟ್ ಅಜ್ಜಿ ಕೊರಳಿನ ಪುಕ್ಕಟೆ ಶಾಲನ್ನು ನಿಧಾನವಾಗಿ ತೆಗೆದು, ಮಡಚಿ, ಎದ್ದು ಹೋಗಿ ಅವನ ಮುಂದಿನ ಮೇಜಿನ ಮೇಲೆ ಇಟ್ಟು ಬಂದಳು. ಅವಳಿಗೆ ಗೋಲಿನ ಹಿಂದೆ ಇದ್ದವನ ಚಿಂತೆ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ವಾಪಸು

ಮರುವಾರ ಎರಡು ಸುದ್ದಿ ಬಂದವು. ಜನ ಊರಿನ ನಗರಸಭೆಗೆ ಹೋಗಿ ವಿಚಾರಿಸಿದಾಗ, ಮೈದಾನದ ಜಾಗದಲ್ಲಿ ದೊಡ್ಡ ಅಂಗಡಿಗಳನ್ನು ಕಟ್ಟಲು ಅರ್ಜಿ ಆಗಲೇ ಬಿದ್ದಿತ್ತು. ಇನ್ನೊಂದು, ಅಕ್ಕನ ಮನೆಗೆ ಬಂದ ಕಾಗದ. ಆಟದ ಹಂಗಾಮು ಮುಗಿದ ಮೇಲೆ ಮಾಮಾನ ಕೆಲಸ ಇರುವುದಿಲ್ಲ, ಜೂನ್ ಕೊನೆಗೆ ಮನೆ ಬಿಡಬೇಕು.

ನಾನು ಹೋದದ್ದು ಅಕ್ಕನಿಗೆ ಆಸರೆಯಾಗಲು. ಹೊರಟು ಬಂದದ್ದು ಅವಳ ಮನೆ ಕಳೆದು. ವಿಮಾನ ನಿಲ್ದಾಣದಲ್ಲಿ ಅವಳು ನನ್ನನ್ನು ಬೈಯಲಿಲ್ಲ. "ಕಾಯಿ ಚಲೋ ಅದಾವು, ಚಟ್ನಿಗೆ ಭಾಳ ಬಣ್ಣ ಬಂತು" ಎಂದಳು. ಅವಳು ಬೈಯದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಬ್ಯಾಡಗಿಗೆ ಬಂದ ಮೇಲೆ ದಿನವೂ ಪೂಜೆಯ ಕೊನೆಗೆ ಆ ದಿನದ ದಯೆಗಳನ್ನು ಬೆರಳು ಮಡಚಿ ಎಣಿಸುವ ನನ್ನ ರೂಢಿ ನಿಂತೇಹೋಯಿತು. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಮೊದಲ ಪತ್ರದಲ್ಲಿ ಜನ ನಗರಸಭೆಯ ಮೆಟ್ಟಿಲ ಮೇಲೆ ದಿನಾ ಕುಳಿತಿದ್ದಾರೆ ಎಂದಿತ್ತು. ಎರಡನೆಯದರಲ್ಲಿ ಮನೆಯ ಸಾಮಾನು ಕಟ್ಟಿಟ್ಟಿದ್ದೇವೆ ಎಂದಿತ್ತು. ಆಮೇಲೆ ಒಂದೂವರೆ ತಿಂಗಳು ಪತ್ರವೇ ಇಲ್ಲ.

ಶ್ರಾವಣದ ಮೂರನೆಯ ಸೋಮವಾರ ಮೂರನೆಯದು ಬಂತು. ತೆರೆಯಲು ಧೈರ್ಯವಾಗದೆ ನಮ್ಮ ಮನೆಯವರಿಗೆ ಓದಲು ಕೊಟ್ಟೆ. ನಗರಸಭೆ ಅಂಗಡಿ ಕಟ್ಟಲು ಒಪ್ಪಲಿಲ್ಲವಂತೆ. ಒಪ್ಪದ ಮೇಲೆ ಆ ಶ್ರೀಮಂತನಿಗೆ ಮೈದಾನದ ಮೇಲೆ ಆಸೆ ಹೋಗಿ ಮಾರಿಬಿಟ್ಟನಂತೆ. ಕೊಂಡವನು ಆ ಊರಿನಲ್ಲೇ ಮೀನು ಕರಿದು ಮಾರುವ ಅಂಗಡಿಯವನು, ಅವನ ಜೊತೆ ಇನ್ನಿಬ್ಬರು. ಮಾಮಾನನ್ನು ಮತ್ತೆ ಹುಲ್ಲಿಗೆ ಕರೆದು, ಅದೇ ಮನೆಯಲ್ಲಿ ಇರಿ ಎಂದರಂತೆ. ಆದರೆ ಅಕ್ಕನಿಗೆ ನಂಬಿಕೆಯಿರಲಿಲ್ಲ, ಕಟ್ಟಿದ ಸಾಮಾನು ಬಿಚ್ಚಿರಲಿಲ್ಲ. ಹೊಸಬ ಹೇಗಿರುತ್ತಾನೋ, ಮತ್ತೆ ನಕ್ಕು ಬಿಡುತ್ತಾನೋ ಎಂದು ಕಾಯುತ್ತಿದ್ದಳು.

ಉಳಿದದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಗಿರಿಜಾ, ನಿನ್ನೆ ಮೀನಿನಾವ ಒಗ್ಯಾಣದ ಕೋಣಿ ಬಾಗಲದಾಗ ಬಂದು ನಿಂತ. ಕಾಲುಚೀಲ ಎಣಿಸಿದ. ಇಪ್ಪತ್ತೇಳಾದವು. ಮತ್ತ ಎಣಿಸಿದ. ಇನ್ನೊಂದು ಎಲ್ಲೈತಿ ಅಂತ ಕುತಗಿ ನರ ಉಬ್ಬಿಸಿ ಒದರಿದ. ನಿಮ್ಮ ಮಾಮಾ ಓಡಿ ಬಂದ್ರು, ಅವ್ರಿಗೂ ಬೈದ. ಅರ್ಧಾ ತಾಸು ಬೈದನವಾ, ಅರ್ಧಾ ತಾಸು. ನಾ ಸೆರಗ ಬಾಯಿಗೆ ಹಚ್ಚಿಕೊಂಡು ಅತ್ತೆ. ಅವ ಹೋದ ಕೂಡ್ಲೇ ಇಬ್ಬರೂ ಸೇರಿ ಸಾಮಾನಿನ ಹಗ್ಗ ಬಿಚ್ಚಿದಿವಿ."

ನಮ್ಮ ಮನೆಯವರು ಕನ್ನಡಕ ತೆಗೆದು, "ಬೈಸಿಕೊಂಡಾಳ, ನೀ ಯಾಕ ನಗಾಕತ್ತೀ?" ಎಂದರು.

ನಾನು ಕೈಕಾಲು ತೊಳೆದು ದೇವರ ಮನೆಗೆ ಹೋಗಿ, ಮೂರು ತಿಂಗಳ ಮೇಲೆ ಮೊದಲ ಬೆರಳು ಮಡಚಿದೆ.